ಹಿಂಡಿಟ್ಟ ಎದೆಹಾಲು ಎಷ್ಟು ಹೊತ್ತು ಬಾಳುತ್ತದೆ?

ಪ್ರಶ್ನೆ: ನನ್ನ ಮಗುವಿಗೆ ಐದೂವರೆ ತಿಂಗಳು. ಹೆರಿಗೆ ರಜೆ ಮುಗಿಯುತ್ತ ಬಂದಿದೆ. ಇನ್ನು ಮುಂದೆ ಕುಮಟಾದಿಂದ ಶಿರಸಿಯ ಕಚೇರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರಬೇಕು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಏಳಕ್ಕೆ. ಎದೆಹಾಲು ಹಿಂಡಿಟ್ಟು ಹೋಗುತ್ತೇನೆಂದರೆ ಅತ್ತೆಯವರು ಅದು ಮಗುವಿಗೆ ಆಗಿಬರುವುದಿಲ್ಲ, ಕೊಡಲೇಬೇಕಾದರೆ ದನದ ಹಾಲಿನಂತೆ ಕಾಯಿಸಿ ಕೊಡಬೇಕು ಎನ್ನುತ್ತಾರೆ. ವಿದ್ಯುತ್ ಪಂಪ್ ಕೊಳ್ಳಲೇಬೇಕೆ? ಒಂದು ತಿಂಗಳಿಗಾಗುವಷ್ಟು ಹಾಲನ್ನು ಈಗಲೇ ಫ್ರೀಜರಿನಲ್ಲಿ ಕೂಡಿಡಬಹುದೆ?
— ಓದುಗರೊಬ್ಬರು, ಕುಮಟಾ

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹಗಲಿಡೀ ಮಗುವಿಗೆ ಆ ಹಾಲನ್ನು ಕುಡಿಸುವವರು ಅವರೇ, ಅವರಿಗೆ ನಂಬಿಕೆ ಬಾರದಿದ್ದರೆ ನೀವು ಹಿಂಡಿಟ್ಟದ್ದು ಫ್ರಿಜ್ಜಿನಲ್ಲೇ ಉಳಿಯುತ್ತದೆ. ಕಾಯಿಸದ ದನದ ಹಾಲು ನಮ್ಮ ಸೆಕೆಗೆ ಎಷ್ಟು ಬೇಗ ಒಡೆಯುತ್ತದೆಂಬುದನ್ನು ಜೀವಮಾನವಿಡೀ ಕಂಡವರಿಗೆ ಎದೆಹಾಲೂ ಹಾಗೆಯೇ ಎಂದು ತೋರುವುದು ಸಹಜ. ಆದರೆ ತಾಯಿಯ ಹಾಲಿನಲ್ಲಿ ರೋಗಾಣುಗಳನ್ನು ಹಿಡಿದು ನಿಲ್ಲಿಸುವ ಪ್ರತಿಕಾಯಗಳು, ಲ್ಯಾಕ್ಟೋಫೆರಿನ್ ಮತ್ತು ಲೈಸೋಜೈಮ್ ಎಂಬ ಪ್ರೋಟೀನುಗಳು, ಜೀವಂತ ಬಿಳಿ ರಕ್ತಕಣಗಳು ಇವೆಲ್ಲ ಇರುವುದರಿಂದ, ಹೊರಗೆ ತೆಗೆದ ಮೇಲೂ ಅದು ಕೆಲವು ಗಂಟೆಗಳ ಕಾಲ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಕುದಿಸಿದರೆ ಹಾಳಾಗುವುದು ಈ ಕಾವಲೇ. ಮುಂಬಯಿಯಲ್ಲಿ ನೆಂಟರಿಲ್ಲದ ಮನೆ ನಮ್ಮ ಕರಾವಳಿಯಲ್ಲಿ ಅಪರೂಪವಾದ್ದರಿಂದ ಅತ್ತೆಯವರಿಗೆ ಇದನ್ನೂ ಹೇಳಿ: ಅಲ್ಲಿನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿಯೇ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಆರಂಭವಾಯಿತು, ಅವಧಿಗೆ ಮುನ್ನ ಹುಟ್ಟಿದ ಅಂಗೈಯಗಲದ ಶಿಶುಗಳಿಗೂ ಹಿಂಡಿಟ್ಟ ಹಾಲನ್ನೇ ಕೊಡುತ್ತ ಬಂದಿದ್ದಾರೆ. ಅದು ಬೇರೆ ತಾಯಂದಿರ ಹಾಲಾದ್ದರಿಂದ 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಇಟ್ಟು ಶುದ್ಧೀಕರಿಸಬೇಕಾಗುತ್ತದೆ. ನಿಮ್ಮ ಮಗುವಿಗೆ ನಿಮ್ಮದೇ ಹಾಲಿಗೆ ಅದೂ ಬೇಕಿಲ್ಲ.

ಪಂಪ್ ಕೊಳ್ಳಲೇಬೇಕೆಂದಿಲ್ಲ, ಕೈಯಿಂದಲೇ ಸಾಕಷ್ಟು ಹಾಲು ತೆಗೆಯಬಹುದು. ಸಾಬೂನಿನಿಂದ ಕೈ ತೊಳೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಬಳಿಕ ಹೆಬ್ಬೆರಳನ್ನು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನ ಮೇಲೂ ತೋರುಬೆರಳನ್ನು ಅದರ ಕೆಳಗೂ ಇರಿಸಿ, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದರತ್ತ ಒಂದು ಅದುಮಿ ಸಡಿಲಿಸಬೇಕು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಬಾರದು. ಕೊಟ್ಟಿಗೆಯಲ್ಲಿ ಹಾಲು ಕರೆದು ಅಭ್ಯಾಸವಿರುವ ಕೈಗೆ ಮೊದಮೊದಲು ಇದೇ ಕಷ್ಟ. ಮೊದಲ ಒಂದೆರಡು ನಿಮಿಷ ಹನಿಯಷ್ಟೇ ಬಂದರೆ ಎದೆಗುಂದಬೇಡಿ. ಹಾಲು ಇಳಿಯುವುದು ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಕೆಲಸ, ಅದು ಆತಂಕದಲ್ಲಿ ಹಿಂಜರಿಯುತ್ತದೆ, ಮಗುವಿನ ಚಿತ್ರ ನೋಡಿದರೆ ಅಥವಾ ಅದರ ಬಟ್ಟೆಯ ವಾಸನೆ ಬಂದರೆ ಮುಂದೆ ಬರುತ್ತದೆ. ಒಂದು ಕಡೆ ಮೂರರಿಂದ ಐದು ನಿಮಿಷ, ಮತ್ತೆ ಇನ್ನೊಂದು ಕಡೆ, ಹೀಗೆ ಬದಲಿಸುತ್ತ ಒಟ್ಟು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಕೆಲಸಕ್ಕೆ ಸೇರುವ ಎರಡು ವಾರ ಮುಂಚೆಯೇ ದಿನಕ್ಕೊಂದು ಸಲ ರೂಢಿ ಮಾಡಿಕೊಳ್ಳಿ. ಮಗು ಒಂದು ಮೊಲೆಯಲ್ಲಿ ಕುಡಿಯುತ್ತಿರುವಾಗ ಇನ್ನೊಂದರಿಂದ ತೆಗೆಯಲು ಬೆಳಗಿನ ಜಾವ ಒಳ್ಳೆಯ ಹೊತ್ತು.

ತಿಂಗಳಿಗಾಗುವಷ್ಟು ಕೂಡಿಡುವ ಯೋಚನೆಯನ್ನು ಮಾತ್ರ ಬಿಟ್ಟುಬಿಡಿ. ಇಂದು ಹಿಂಡಿದ್ದು ನಾಳೆಗೆ ಎಂಬ ಲೆಕ್ಕವೇ ನಮ್ಮ ಕಡೆಯ ಹವೆಗೂ ಕರೆಂಟಿಗೂ ಹೊಂದುವಂಥದ್ದು. ತುರ್ತಿಗೆಂದು ಎರಡು ದಿನದ ಹಾಲು ಹೆಚ್ಚಿಗೆ ಇದ್ದರೆ ಸಾಕು. ಆರು ತಿಂಗಳೊಳಗಿನ ಮಗು ದಿನವೊಂದಕ್ಕೆ ಸರಾಸರಿ 750 ಮಿ.ಲೀ. ಹಾಲು ಕುಡಿಯುತ್ತದೆ, ಎಂದರೆ ಗಂಟೆಗೆ ಸುಮಾರು 30 ಮಿ.ಲೀ. ಹೊರಡುವ ಮುನ್ನವೂ ಬಂದ ಕೂಡಲೇ ಚಪ್ಪಲಿ ಕಳಚಿ ಕೈ ತೊಳೆದೂ ನೀವೇ ಹಾಲೂಡುವುದರಿಂದ ನಡುವಿನ ಹೊತ್ತಿಗೆ 90 ಮಿ.ಲೀ.ಯ ಮೂರು ಡಬ್ಬಿ ಇಟ್ಟುಹೋಗಿ, ನಾಲ್ಕನೆಯದೊಂದು ಕೈಗಾವಲಿಗಿರಲಿ. ಆರು ತಿಂಗಳು ತುಂಬಿ ರಾಗಿ ಮಣ್ಣಿ, ಗಂಜಿಯ ತಿಳಿ ಇಲ್ಲದ ಗಟ್ಟಿ ಅನ್ನ ಇವು ಶುರುವಾದ ಮೇಲೆ ಇದೂ ನಿಧಾನವಾಗಿ ತಗ್ಗುತ್ತದೆ.

ಹೊರಗೆ ಇಟ್ಟ ಹಾಲಿಗೆ ನಾಲ್ಕು ಗಂಟೆಯೇ ಮೇರೆ. ಏಪ್ರಿಲ್, ಮೇ ತಿಂಗಳ ಕುಮಟಾದ ಸೆಕೆಯಲ್ಲಿ ಮೂರು ಗಂಟೆಯೊಳಗೆ ಮುಗಿಸಿ ಎನ್ನುತ್ತೇನೆ. ಫ್ರಿಜ್ಜಿನಲ್ಲಿ, 4 ಡಿಗ್ರಿ ಸೆಲ್ಸಿಯಸ್ಸಿನ ತಂಪಿನಲ್ಲಿ, ನಾಲ್ಕು ದಿನ ಬಾಳುತ್ತದೆ. ಬಾಗಿಲಿನ ಅರೆಯಲ್ಲಿ ಇಡಬೇಡಿ, ಪ್ರತಿ ಸಲ ತೆರೆದಾಗಲೂ ಸೆಕೆ ತಾಗುವುದು ಅಲ್ಲಿಗೇ. ಹಿಂಬದಿಯ ಗೋಡೆಗೆ ಒತ್ತಿಡಿ. ಬೇರೆ ಬಾಗಿಲಿರುವ, ಮೈನಸ್ 18 ಡಿಗ್ರಿ ಮುಟ್ಟುವ ಫ್ರೀಜರಿನಲ್ಲಿ ಆರು ತಿಂಗಳು ಇಡಬಹುದಾದರೂ, ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಮಂಜುಗಡ್ಡೆಯ ಗೂಡಿನಲ್ಲಿ ಎರಡು ವಾರಕ್ಕಿಂತ ಹೆಚ್ಚು ಇಡುವುದು ಸರಿಯಲ್ಲ. ಕುದಿಸಿ ಒಣಗಿಸಿದ, ಮುಚ್ಚಳ ಭದ್ರವಾಗಿ ಕೂರುವ ಗಾಜಿನ ಇಲ್ಲವೇ ಸ್ಟೀಲಿನ ಸಣ್ಣ ಡಬ್ಬಿಗಳಿಗೆ ದಿನಾಂಕದ ಚೀಟಿ ಅಂಟಿಸಿ, ಹಳೆಯದನ್ನು ಮೊದಲು ಬಳಸಬೇಕು. ಬೆಚ್ಚಗಿನ ಹೊಸ ಹಾಲನ್ನು ತಣ್ಣನೆಯ ಹಳೆಯ ಹಾಲಿಗೆ ನೇರವಾಗಿ ಸುರಿಯದೆ, ಅದೂ ತಣ್ಣಗಾದ ಮೇಲೆ ಕೂಡಿಸಿ.

ಇನ್ನು ನಿಮ್ಮ ಪ್ರಯಾಣ. ಕಚೇರಿಯಲ್ಲಿ ಹನ್ನೊಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ಹಿಂಡಿದಿರೆನ್ನೋಣ. ಶಿರಸಿಯ ತಂಪಿನಲ್ಲಿ ಕೆಡದೆ ಉಳಿದ ಹಾಲು ದೇವಿಮನೆ ಘಟ್ಟ ಇಳಿಯುತ್ತಿದ್ದಂತೆ ಕರಾವಳಿಯ ಸೆಕೆಗೆ ಸಿಕ್ಕುತ್ತದೆ, ಸಮಯವೂ ಮೀರಿರುತ್ತದೆ. ಆದ್ದರಿಂದ ರಾತ್ರಿ ಗಡ್ಡೆ ಕಟ್ಟಿಸಿದ ಐಸ್ ಪ್ಯಾಕುಗಳಿರುವ ತಂಪುಚೀಲ ಬೇಕು. ಅದರಲ್ಲಿ ಹಾಲು ಇಪ್ಪತ್ತನಾಲ್ಕು ಗಂಟೆ ಕೆಡುವುದಿಲ್ಲ. ಅದಿಲ್ಲವಾದರೆ ಅಗಲ ಬಾಯಿಯ ಥರ್ಮಾಸಿನಲ್ಲಿ ಐಸ್ ತುಂಬಿ ಪುಟ್ಟ ಡಬ್ಬಿಗಳನ್ನು ಹುದುಗಿಸಿ, ಮನೆ ಸೇರಿದೊಡನೆ ಫ್ರಿಜ್ಜಿಗೆ ವರ್ಗಾಯಿಸಿ. ಹೆರಿಗೆ ಸೌಲಭ್ಯದ ಕಾನೂನು ಅನ್ವಯವಾಗುವ ಕಡೆಗಳಲ್ಲಿ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಮಾಮೂಲಿ ವಿರಾಮದ ಜೊತೆಗೆ ಹಾಲೂಡಲೆಂದೇ ದಿನಕ್ಕೆ ಎರಡು ವಿರಾಮ ಕೊಡಬೇಕೆಂದಿದೆ. 26 ವಾರಗಳ ರಜೆ ಹಾಗೂ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಎಂಬುದು 2017ರ ತಿದ್ದುಪಡಿ. ಚಿಲಕ ಹಾಕಿಕೊಳ್ಳಬಹುದಾದ ಕೋಣೆಯೊಂದನ್ನು ಸಂಕೋಚವಿಲ್ಲದೆ ಕೇಳಿ. ಕಡತಗಳ ಕೋಣೆಯಾದರೂ ಆದೀತು, ಶೌಚಾಲಯ ಬೇಡ.

ಕುಡಿಸುವಾಗ ಡಬ್ಬಿಯನ್ನು ಬೆಚ್ಚನೆಯ ನೀರಿನ ಪಾತ್ರೆಯಲ್ಲಿಟ್ಟು ಮೈಶಾಖಕ್ಕೆ ತಂದರೆ ಸಾಕು. ಒಲೆಯ ಮೇಲೂ ಮೈಕ್ರೋವೇವಿನಲ್ಲೂ ಇಡಬಾರದು. ಮೇಲೆ ಕೆನೆ, ಕೆಳಗೆ ನೀಲಿಛಾಯೆಯ ತೆಳುಹಾಲು ಬೇರೆಯಾಗಿ ನಿಂತಿದ್ದರೆ ಕೆಟ್ಟಿತೆಂದು ತಿಳಿಯದೆ ಡಬ್ಬಿಯನ್ನು ಮೆಲ್ಲಗೆ ಸುತ್ತಿಸಿ ಬೆರೆಸಲು ಅತ್ತೆಯವರಿಗೆ ತಿಳಿಸಿ. ಬಾಟಲಿಗಿಂತ ಒಳಲೆ (ಮಗುವಿಗೆ ಹಾಲು ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲು) ಲೇಸು: ತೊಳೆಯುವುದು ಸುಲಭ, ಮಗುವಿಗೆ ರಬ್ಬರಿನ ತೊಟ್ಟಿನ ಚಟ ಹತ್ತುವುದಿಲ್ಲ, ಮತ್ತು ಅದರಲ್ಲಿ ನಿಮ್ಮ ಅತ್ತೆಯವರ ಕೈ ನುರಿತದ್ದು. ಮಗು ಕುಡಿದು ಉಳಿಸಿದ ಹಾಲನ್ನು ಎರಡು ಗಂಟೆಯ ಮೇಲೆ ಬಳಸಬಾರದು.

ಪ್ರಶ್ನೆ: ಕಳೆದ ವಾರ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಹತ್ತು ತಾಸು ಕರೆಂಟ್ ಇರಲಿಲ್ಲ. ಫ್ರೀಜರಿನಲ್ಲಿದ್ದ ಎದೆಹಾಲು ಅಂಚಿನಲ್ಲಿ ಕರಗಿ ನಡುವೆ ಗಟ್ಟಿಯಾಗಿತ್ತು. ಕೆಳಗಿನ ಅರೆಯ ಹಾಲೂ ಇತ್ತು. ಎಲ್ಲವನ್ನೂ ಚೆಲ್ಲಿದೆ. ಚೆಲ್ಲಬೇಕಿತ್ತೆ? ಕರಗಿಸಿದ ಹಾಲು ಕೆಲವೊಮ್ಮೆ ಸಾಬೂನಿನಂತೆ ನಾರುವುದೇಕೆ?
— ಓದುಗರೊಬ್ಬರು, ಅಂಕೋಲಾ

ಉತ್ತರ: ಅರ್ಧವನ್ನು ಉಳಿಸಿಕೊಳ್ಳಬಹುದಿತ್ತು. ನಡುವೆ ಮಂಜಿನ ಹರಳು ಉಳಿದಿದ್ದ ಹಾಲು ಕೆಟ್ಟಿರಲಿಲ್ಲ. ಕರೆಂಟ್ ಬಂದ ಮೇಲೆ ಅದನ್ನು ಕೆಳಗಿನ ತಂಪಿನಲ್ಲಿಟ್ಟು ಪೂರ್ತಿ ಕರಗಿದ ಹೊತ್ತಿನಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಕುಡಿಸಿದ್ದರೆ ಆಗುತ್ತಿತ್ತು. ಪೂರ್ತಿ ಕರಗಿದ್ದನ್ನು ಮತ್ತೆ ಗಡ್ಡೆ ಕಟ್ಟಿಸುವುದು ಕೂಡದು. ಕೆಳಗಿನ ಅರೆಯದನ್ನು ಚೆಲ್ಲಿದ್ದು ಸರಿಯೇ, ಬಾಗಿಲು ತೆರೆಯದಿದ್ದರೂ ಅಲ್ಲಿ ತಂಪು ನಿಲ್ಲುವುದು ನಾಲ್ಕು ಗಂಟೆ ಮಾತ್ರ. ಚೆಲ್ಲುವಾಗಿನ ಸಂಕಟ ಹಿಂಡಿದವರಿಗೇ ಗೊತ್ತು. ಆರಿದ್ರಾ ಮಳೆ ಹಿಡಿಯುವ ಮೊದಲೇ ಫ್ರೀಜರಿನ ಖಾಲಿ ಜಾಗದಲ್ಲೆಲ್ಲ ನೀರು ತುಂಬಿದ ಬಾಟಲಿಗಳನ್ನು ಇಟ್ಟು ಗಡ್ಡೆ ಕಟ್ಟಿಸಿ. ತುಂಬಿದ ಫ್ರೀಜರು ಖಾಲಿಯದಕ್ಕಿಂತ ಬಹಳ ಹೊತ್ತು ತಂಪು ಹಿಡಿದಿಡುತ್ತದೆ, ಮತ್ತು ಕರೆಂಟ್ ಹೋದೊಡನೆ ಕೆಳಗಿನ ಹಾಲಿನ ಡಬ್ಬಿಗಳನ್ನು ಆ ಬಾಟಲಿಗಳ ಜೊತೆ ತಂಪುಪೆಟ್ಟಿಗೆಗೆ ಸೇರಿಸಬಹುದು.

ಸಾಬೂನಿನ ವಾಸನೆಗೆ ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕಾರಣ. ಅದು ತಂಪಿನಲ್ಲೂ ಕೊಬ್ಬನ್ನು ಒಡೆಯುತ್ತ ಹೋಗುತ್ತದೆ. ಮಗುವಿಗೆ ಅದರಿಂದ ತೊಂದರೆಯಿಲ್ಲ, ಹೆಚ್ಚಿನ ಮಕ್ಕಳು ಸುಮ್ಮನೆ ಕುಡಿಯುತ್ತವೆ. ನಿಮ್ಮ ಮಗು ಮುಖ ತಿರುಗಿಸುವುದಾದರೆ ಮಾತ್ರ, ಹಿಂಡಿದ ಕೂಡಲೇ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಬಿಸಿ ಮಾಡಿ, ಕುದಿ ಬರುವ ಮೊದಲೇ ಇಳಿಸಿ, ತಣ್ಣೀರಿನಲ್ಲಿಟ್ಟು ಆರಿಸಿ ಫ್ರೀಜರಿಗೆ ಇಡಿ. ಹೀಗೆ ಮಾಡಿದರೆ ರಕ್ಷಕ ಗುಣ ಒಂದಿಷ್ಟು ಕಳೆದುಹೋಗುವುದರಿಂದ ಎಲ್ಲರೂ ಮಾಡಬೇಕಾದುದಲ್ಲ. ಹುಳಿವಾಸನೆ ಬಂದಿದ್ದರೆ ಅಥವಾ ಬೆರೆಸಿದ ಮೇಲೂ ಒಡಕಾಗಿಯೇ ಕಂಡರೆ ಚೆಲ್ಲಿ.

ಪ್ರಶ್ನೆ: ನನ್ನ ಅಕ್ಕ ನಸುಕಿನಲ್ಲಿ ಮೀನು ಮಾರಲು ಹೋಗಿ ಮಧ್ಯಾಹ್ನ ಬರುತ್ತಾಳೆ. ಬಿಸಿಲಿನಲ್ಲಿ ಎದೆಯಲ್ಲೇ ಕಟ್ಟಿಕೊಂಡ ಹಾಲು ಕೆಟ್ಟಿರುತ್ತದೆಂದು ಮನೆಯ ಹಿರಿಯರು ಮೊದಲು ಅದನ್ನು ಹಿಂಡಿ ಚೆಲ್ಲಿಸುತ್ತಾರೆ. ಇದು ಸರಿಯೆ?
— ಓದುಗರೊಬ್ಬರು, ಕಾರವಾರ

ಉತ್ತರ: ಎದೆಯೊಳಗಿನ ಹಾಲು ಎಷ್ಟು ಹೊತ್ತಾದರೂ ಕೆಡುವುದಿಲ್ಲ. ಬಿಸಿಲು ಎಷ್ಟೇ ಇದ್ದರೂ ಮೈಯೊಳಗಿನ ಶಾಖ ಒಂದೇ ಹದದಲ್ಲಿರುತ್ತದೆ. ಎದೆ ಕಲ್ಲಿನಂತೆ ಬಿಗಿದು ಮಗುವಿಗೆ ತೊಟ್ಟು ಹಿಡಿಯಲಾಗದಿದ್ದರೆ ಮೆತ್ತಗಾಗುವಷ್ಟು ಮಾತ್ರ ಹಿಂಡಲಿ, ಅದನ್ನೂ ಚೆಲ್ಲದೆ ಶುದ್ಧವಾದ ಲೋಟದಲ್ಲಿ ಹಿಡಿದು ಮಗುವಿಗೇ ಕುಡಿಸಬಹುದು. ನನಗೆ ಚಿಂತೆಯಿರುವುದು ಬೇರೆ ವಿಷಯದಲ್ಲಿ: ಆರೇಳು ಗಂಟೆ ಹಾಲು ತೆಗೆಯದೆ ದಿನವೂ ಹೀಗೆ ಕಟ್ಟಿಕೊಂಡರೆ ಹಾಲಿನ ಉತ್ಪತ್ತಿಯೇ ಕುಗ್ಗುತ್ತದೆ, ಗಂಟಾಗಿ ಬಾವು ಬರಲೂಬಹುದು. ಮಾರುಕಟ್ಟೆಯಲ್ಲಿಯೇ ನಡುವೆ ಒಮ್ಮೆ, ಕೈಯನ್ನು ಸಾಬೂನಿನಿಂದ ಎರಡು ಸಲ ತೊಳೆದು, ಮರೆಯಲ್ಲಿ ಕುಳಿತು ಹಿಂಡುವುದು ಒಳ್ಳೆಯದು. ಮೀನಿಗೆ ಹಾಕಿದ ಐಸಿನೊಳಗೆ ಆ ಡಬ್ಬಿಯನ್ನು ಇಡಬೇಡಿ, ಪ್ರತ್ಯೇಕ ಥರ್ಮಾಸಿನಲ್ಲಿ ಶುದ್ಧ ನೀರಿನ ಐಸ್ ಒಯ್ಯಲಿ. ಎದೆಯ ಒಂದು ಭಾಗ ಕೆಂಪಾಗಿ ನೋವಿನೊಂದಿಗೆ ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು, ಆಗಲೂ ಆ ಕಡೆಯ ಹಾಲು ಕೊಡುವುದನ್ನು ನಿಲ್ಲಿಸಬಾರದು.