ಲೆಸ್ಟರ್ ಬಿಡಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಎಂಟೇ ತಿಂಗಳು, ಮ್ಯಾಂಚೆಸ್ಟರ್‌ನಲ್ಲಿ ಜಾಸ್ತಿ ಸಂಬಳದ ಕೆಲಸ ಸಿಕ್ಕಿದೆ, ಹೆಂಡತಿ-ಮಗೂನ ಕರ್ಕೊಂಡು ಹೊರಟುಬಿಡಲಾ ಅಂತ ಕೇಳಿದ್ದೀಯ.

ನಮ್ಮ ಕಡೆ ದಿನಸಿ ಎಲ್ಲಿದ್ದರೂ ಸಿಗುತ್ತೆ, ಆ ಚಿಂತೆ ಬೇಡ. ವೀಸಾಗೆ ಹೊಸ ಕಂಪನಿಯೇ ಸ್ಪಾನ್ಸರ್ ಮಾಡಬೇಕು. ನಿನ್ನ ಅರ್ಜಿ ಮಂಜೂರಾಗೋ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡ. ಅಷ್ಟೇ.

ನಾನು ಲೆಸ್ಟರ್‌ಗೆ ಬಂದಿದ್ದು 2012ರಲ್ಲಿ. ಅದೇ ವರ್ಷ ಫುಟ್ಬಾಲ್ ಆಟಗಾರ ಜೇಮಿ ವಾರ್ಡಿ ಊರಿನ ಕ್ಲಬ್ ಲೆಸ್ಟರ್ ಸಿಟಿಗೆ ಬಂದ. ಪಕ್ಕದ ಮನೆ ಅಜ್ಜ ಬೇಲಿ ಹತ್ತಿರ ನಿಂತು ಅವನ ಕಥೆ ಹೇಳೋರು. ಹುಡುಗನಾಗಿದ್ದಾಗ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಬೇಡ ಅಂತ ಕಳಿಸಿತ್ತು. ಫ್ಯಾಕ್ಟರಿಯಲ್ಲಿ ದುಡೀತಾ ಸಣ್ಣ ಕ್ಲಬ್ ಸ್ಟಾಕ್ಸ್‌ಬ್ರಿಡ್ಜ್‌ಗೆ ಆಡಿದ, ಆಮೇಲೆ ಹ್ಯಾಲಿಫ್ಯಾಕ್ಸ್, ಫ್ಲೀಟ್‌ವುಡ್. 25ನೇ ವಯಸ್ಸಿಗೆ ಲೆಸ್ಟರ್ 10 ಲಕ್ಷ ಪೌಂಡ್ ಕೊಟ್ಟು ಕರ್ಕೊಂಡಿತು. ಮೊದಲ ಸೀಸನ್ ಕೈಗೂಡಲೇ ಇಲ್ಲ, ಆಟವೇ ಬಿಡೋ ಯೋಚನೆಗೆ ಬಂದಿದ್ದ. ಮ್ಯಾನೇಜರ್ ನೈಜೆಲ್ ಪಿಯರ್ಸನ್ ಹಿಡಿದು ನಿಲ್ಲಿಸಿದರು.

ನಮ್ಮನ್ನ ಹಿಡಿದು ನಿಲ್ಲಿಸೋರು ಯಾರೂ ಇರಲಿಲ್ಲ. 2014ರಲ್ಲಿ ಸಂಬಳ ನೋಡಿ ಬೇರೆ ಊರಿಗೆ ಹೋದ್ವಿ. ಹೊರಡೋ ದಿನ ಅಜ್ಜ ತಮ್ಮ ನೀಲಿ ಮಫ್ಲರ್ ಬಿಚ್ಚಿ ನನ್ನ ಏಳು ವರ್ಷದ ಮಗಳ ಕೊರಳಿಗೆ ಎರಡು ಸುತ್ತು ಸುತ್ತಿದರು, ತುದಿ ಅವಳ ಮೊಣಕಾಲು ಮುಟ್ಟುತ್ತಿತ್ತು.

2016ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ದೊಡ್ಡ ಲೀಗ್ ಪ್ರೀಮಿಯರ್ ಲೀಗ್ ಗೆದ್ದಾಗ ಅಜ್ಜ ಫೋನ್ ಮಾಡಿದರು: ಮೇ 16ಕ್ಕೆ ಮೆರವಣಿಗೆ, ವಿಕ್ಟೋರಿಯಾ ಪಾರ್ಕಲ್ಲಿ ಜಾಗ ಹಿಡಿದಿರ್ತೀನಿ, ಮಗೂನ ಕರ್ಕೊಂಡು ಬಾ. ಅಷ್ಟರಲ್ಲಿ ನಾನು ಮತ್ತೊಮ್ಮೆ ಕೆಲಸ ಬದಲಾಯಿಸಿ ಒಂದು ತಿಂಗಳಾಗಿತ್ತು. ಸೋಮವಾರ ಬೇರೆ. ರಜೆ ಕೇಳೋಕೆ ಬಾಯಿ ಬರಲಿಲ್ಲ. ಹಳೇ ಕಡೆ ಆಗಿದ್ದರೆ ಯಾರಾದರೂ ನನ್ನ ಪಾಳಿ ಹೊತ್ತುಕೊಳ್ಳೋರು. ಹೊಸ ಊರಲ್ಲಿ ನನಗೆ ಅಷ್ಟು ಸಲಿಗೆಯೋರು ಒಬ್ಬರೂ ಇರಲಿಲ್ಲ. ಮಗಳು ಆ ಸಂಜೆ ಮಫ್ಲರ್ ಹಾಕ್ಕೊಂಡೇ ಟಿವಿ ಮುಂದೆ ಕೂತಳು, ಜನದ ಮಧ್ಯೆ ಅಜ್ಜನನ್ನ ಹುಡುಕ್ತಾ. ಅದು ನನಗೆ ಇವತ್ತಿಗೂ ಚುಚ್ಚುತ್ತೆ.

ಹೋಗೋದೇ ತಪ್ಪು ಅಂತಲ್ಲ. ಅದೇ ಬೇಸಿಗೆಯಲ್ಲಿ ವಾರ್ಡಿ ಜೊತೆ ಆಡಿದ್ದ ಕಾಂಟೆ ಚೆಲ್ಸಿ ಕ್ಲಬ್ಬಿಗೆ ಹೋಗಿ ಮರುವರ್ಷವೇ ಮತ್ತೆ ಲೀಗ್ ಗೆದ್ದ. ವಾರ್ಡಿ ಮಾತ್ರ ಆರ್ಸೆನಲ್ ಕ್ಲಬ್ ಕರೆದರೂ ಒಲ್ಲೆ ಅಂದ. 2025ರಲ್ಲಿ ಲೆಸ್ಟರ್ ಬಿಡುವಾಗ 500 ಪಂದ್ಯ, 200 ಗೋಲು. ನನ್ನ ಮನಸ್ಸು ಇವನ ಕಡೆಗೇ ವಾಲುತ್ತೆ, ಏನು ಮಾಡಲಿ.

ಸಂಬಳ ಎಷ್ಟು ಹೆಚ್ಚು ಅಂತ ಬರೀಲಿಲ್ಲ ನೀನು. ಅದಕ್ಕಿಂತ ಮೊದಲು, ಮಗುವಿಗೆ ಲೆಸ್ಟರ್‌ನಲ್ಲಿ ಯಾರ ಮನೆ ಬಾಗಿಲು ತಟ್ಟೋ ಅಭ್ಯಾಸ ಆಗಿದೆ ಅಂತ ಹೆಂಡತಿಯನ್ನ ಕೇಳು. ಶನಿವಾರ ಮೂವರೂ ನಮ್ಮನೆಗೆ ಊಟಕ್ಕೆ ಬನ್ನಿ, ಮುದ್ದೆ-ಸೊಪ್ಪಿನ ಸಾರು ಮಾಡಿರ್ತೀನಿ.