ಕಡಿಮೆ ಬಿಡುವು ಕೊಟ್ಟು ವರ್ಕೌಟ್ ಮಾಡಿದ್ರೆ ಟೆಸ್ಟೋಸ್ಟೆರಾನ್ ಏರಿ ಸ್ನಾಯು ಬೇಗ ಬೆಳೆಯುತ್ತಾ?

ಬೆಳೆಯಲ್ಲ. ಸೆಟ್‌ಗಳ (ನಿಲ್ಲಿಸದೆ ಮಾಡುವ ಒಂದೊಂದು ಸುತ್ತಿನ) ನಡುವೆ 45 ಸೆಕೆಂಡ್ ಮಾತ್ರ ಬಿಡುವು, ತೋಳಿನ ದಿನವೂ ‘ಹಾರ್ಮೋನ್ ಏರಲಿ’ ಅಂತ ಸ್ಕ್ವಾಟ್, ಅಂದ್ರೆ ಭಾರ ಹೊತ್ತು ಕೂತೇಳುವ ಕಾಲಿನ ವ್ಯಾಯಾಮ. ನಿಮ್ಮ ಈ ಪ್ಲಾನನ್ನೇ ನಾನೂ ಎರಡು ವರ್ಷ ಹಿಡಿದುಕೊಂಡಿದ್ದೆ. ಎಡವಿದ್ದು ಎಲ್ಲಿ ಅಂತ ಲೆಕ್ಕ ಬರೆದಾಗಲೇ ಕಂಡಿದ್ದು.

60 ಕೆಜಿ ಸ್ಕ್ವಾಟ್ ತಗೊಳ್ಳಿ. 45 ಸೆಕೆಂಡ್ ಬಿಡುವಿನಲ್ಲಿ ಮೂರು ಸೆಟ್ ಆಗ್ತಿದ್ದದ್ದು 10, 7, 5. ಅಂದ್ರೆ 22 ರೆಪ್ (ಒಂದು ಸಲ ಎತ್ತಿದರೆ ಒಂದು ರೆಪ್), 1,320 ಕೆಜಿ. ಅದೇ ತೂಕಕ್ಕೆ ಮೂರು ನಿಮಿಷ ಬಿಡುವು ಕೊಟ್ಟರೆ 10, 9, 9. ಒಟ್ಟು 28 ರೆಪ್, 1,680 ಕೆಜಿ. ಒಂದೊಂದು ದಿನಕ್ಕೂ 360 ಕೆಜಿ ಕೆಲಸ ಕಾಲಿಗೆ ತಪ್ಪಿತು. ಕೊನೆಯ ಸೆಟ್ ನಿಲ್ಲುತ್ತಿದ್ದದ್ದು ಏದುಸಿರಿಗೆ, ತೊಡೆಯ ಉರಿಗೆ. ಆ ಉರಿಯನ್ನೇ ಬೆಳವಣಿಗೆ ಅಂದುಕೊಂಡದ್ದು ನನ್ನ ತಪ್ಪು.

ಹಾರ್ಮೋನ್ ಏರೋದು ಸುಳ್ಳಲ್ಲ. ದೊಡ್ಡ ಸ್ನಾಯುಗಳು, 10 ರೆಪ್‌ನ ಸೆಟ್, ಒಂದು ನಿಮಿಷದ ಬಿಡುವು ಸೇರಿದ್ರೆ ಗ್ರೋತ್ ಹಾರ್ಮೋನ್ ಚೆನ್ನಾಗಿಯೇ ಏರುತ್ತೆ, ಟೆಸ್ಟೋಸ್ಟೆರಾನ್ ಸ್ವಲ್ಪ ಏರುತ್ತೆ. ಜೊತೆಗೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೂಡ ಏರುತ್ತೆ, ಅದನ್ನು ಯಾರೂ ಹೇಳಲ್ಲ. ಆದರೆ ಟೆಸ್ಟೋಸ್ಟೆರಾನ್ ಏರಿಕೆಯ ಒಂದು ಪಾಲು ಬರೀ ನೀರಿನ ಲೆಕ್ಕ: ವ್ಯಾಯಾಮದಲ್ಲಿ ರಕ್ತದ ನೀರಿನಂಶ ಸ್ನಾಯುವಿನ ಕಡೆ ಸರಿದು, ಉಳಿದ ರಕ್ತ ಗಟ್ಟಿಯಾಗಿ ಸಾಂದ್ರತೆ ಜಾಸ್ತಿ ಕಾಣುತ್ತೆ. ಸುಮಾರು ಒಂದು ಗಂಟೆಯೊಳಗೆ ಎಲ್ಲ ಮೊದಲಿನಂತೆ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನೇ ನೇರ ಪರೀಕ್ಷಿಸಿದರು. 12 ಯುವಕರು, 15 ವಾರ. ಒಂದು ತೋಳಿಗೆ ಬರೀ ಬೈಸೆಪ್ಸ್ ಕರ್ಲ್, ಅಂದ್ರೆ ಮೊಣಕೈ ಮಡಚಿ ಭಾರ ಎತ್ತೋದು. ಇನ್ನೊಂದು ತೋಳಿಗೆ, ಬೇರೆ ದಿನ, ಅದೇ ಕರ್ಲ್ ಆದ ಕೂಡಲೇ ಭಾರಿ ಕಾಲಿನ ವ್ಯಾಯಾಮ. ಎರಡನೇ ತೋಳಿಗೆ ಪ್ರತಿ ಸಲ ಹಾರ್ಮೋನ್ ತುಂಬಿದ ರಕ್ತ ಸಿಕ್ಕಿತು. ಕೊನೆಗೆ ಎರಡೂ ತೋಳು ದಪ್ಪದಲ್ಲೂ ಬಲದಲ್ಲೂ ಸಮ. ಬೆಳೆಯೋಕೆ ಸೂಚನೆ ಹುಟ್ಟೋದು ಭಾರ ಎಳೆದ ಸ್ನಾಯುವಿನ ನಾರಿನ ಒಳಗೇ. ಹೆಂಗಸರಿಗೆ ಟೆಸ್ಟೋಸ್ಟೆರಾನ್ ಎಷ್ಟೋ ಪಟ್ಟು ಕಮ್ಮಿ ಇದ್ದರೂ ಶೇಕಡಾವಾರು ಸ್ನಾಯು ಬೆಳವಣಿಗೆ ಗಂಡಸರಷ್ಟೇ ಇರುತ್ತೆ.

‘ಹಾಗಾದ್ರೆ ಸ್ಟೀರಾಯ್ಡ್?’ ಅಂತ ಕೇಳಬಹುದು. 1996ರ ಪ್ರಸಿದ್ಧ ಪ್ರಯೋಗದಲ್ಲಿ ವಾರಕ್ಕೆ 600 ಮಿಲಿಗ್ರಾಂನಂತೆ 10 ವಾರ ಟೆಸ್ಟೋಸ್ಟೆರಾನ್ ಚುಚ್ಚಿದರು. ವ್ಯಾಯಾಮ ಮಾಡದವರಿಗೂ ಕೊಬ್ಬಿಲ್ಲದ ತೂಕ ಸುಮಾರು 3 ಕೆಜಿ ಏರಿತು. ಅಲ್ಲಿ ಮಟ್ಟ ಸಹಜ ಮಿತಿಯ ಆಚೆ, ಹಗಲೂ ರಾತ್ರಿ, ವಾರಗಟ್ಟಲೆ. ಗಂಟೆಯೊಳಗೆ ಇಳಿದುಹೋಗುವ ಏರಿಕೆಗೂ ಅದಕ್ಕೂ ಹೋಲಿಕೆಯೇ ಇಲ್ಲ. ಹೊರಗಿಂದ ಚುಚ್ಚಿಕೊಂಡರೆ ವೃಷಣ ತನ್ನ ಉತ್ಪಾದನೆ ನಿಲ್ಲಿಸುತ್ತೆ. ಆ ದಾರಿ ಖಂಡಿತ ಬೇಡ.

ಸ್ಕ್ವಾಟ್, ಡೆಡ್‌ಲಿಫ್ಟ್‌ಗೆ ಮೂರು ನಿಮಿಷ, ಕರ್ಲ್‌ನಂಥದ್ದಕ್ಕೆ ಒಂದೂವರೆಯಿಂದ ಎರಡು ನಿಮಿಷ ಬಿಡುವು ಕೊಡಿ, ಗಡಿಯಾರ ನೋಡಿಕೊಂಡೇ. ಪ್ರತಿ ಸ್ನಾಯುವಿಗೆ ವಾರಕ್ಕೆ 10 ಸೆಟ್ ಆಸುಪಾಸು, ಇನ್ನೊಂದೆರಡು ರೆಪ್ ಆಗಬಹುದು ಅನ್ನುವಲ್ಲಿ ನಿಲ್ಲಿಸಿ. ಮೂರೂ ಸೆಟ್‌ನಲ್ಲಿ 10 ಮುಟ್ಟಿದ ಮೇಲೆ 2.5 ಕೆಜಿ ಏರಿಸಿ. ಪ್ರೋಟೀನ್ ದೇಹತೂಕದ ಕೆಜಿಗೆ 1.6 ಗ್ರಾಂ, 70 ಕೆಜಿಯವರಿಗೆ 112 ಗ್ರಾಂ. ಅನ್ನ-ಸಾರಿನಲ್ಲಿ ಇದು ಆಗಲ್ಲ, ಮೊಟ್ಟೆ, ಕಾಳು, ಮೊಸರು, ಸೋಯಾ ಬೇಕೇ ಬೇಕು.

ಇನ್ನು ಜಿಮ್ ಮುಗಿಸಿ ಸಂಜೆ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸ್ತೀನಿ ಅಂದಿದ್ದೀರಿ. ಬೇಡ. ರಜೆಯ ದಿನ, ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ಕೊಡಿ. ಕಡಿಮೆ ಬಂದರೆ ಇನ್ನೊಂದು ಬೆಳಿಗ್ಗೆ ಮತ್ತೆ ಮಾಡಿಸಿ, ಎರಡೂ ವರದಿ ಹಿಡಿದು ವೈದ್ಯರ ಹತ್ತಿರ ಹೋಗಿ.