ಗುಬ್ಬಿಯ ತೋಟದ ಕೊಲೆ, ಸಾವಿನ ಹೊತ್ತು, ಸುಳ್ಳಿನ ಹೊತ್ತು

ನೀವು ಕೇಳಿರುವುದು ಇದು: ಗುಬ್ಬಿ ಹತ್ತಿರದ ಅಡಿಕೆ ತೋಟದಲ್ಲಿ ರಾತ್ರಿ 11ಕ್ಕೆ ಕೊಲೆ, ಬೆಳಿಗ್ಗೆ 7ಕ್ಕೆ ಹೆಣ ಸಿಗುತ್ತದೆ, ಕೊಂದವನು ಅಣ್ಣನ ಮಗ. ಡಾಕ್ಟರು ‘ಸಾವು 11:10ಕ್ಕೆ’ ಎಂದುಬಿಟ್ಟರೆ ಕಾದಂಬರಿಯಲ್ಲಿ ಪತ್ತೆ ಮಾಡಲು ಏನು ಉಳಿಯಿತು?

ಮೊದಲು ಆ 11:10 ಅನ್ನು ಹೊಡೆದು ಹಾಕಿ. ಯಾವ ಡಾಕ್ಟರೂ ನಿಮಿಷದ ಲೆಕ್ಕ ಕೊಡುವುದಿಲ್ಲ. ಹೆಣ ಸೆಟೆಯುವುದು ನಮ್ಮ ಹವೆಯಲ್ಲಿ ಒಂದೆರಡು ಗಂಟೆಗೆ ರೆಪ್ಪೆ, ದವಡೆಯಿಂದ ಶುರುವಾಗಿ ಸುಮಾರು 12 ಗಂಟೆಯೊಳಗೆ ಇಡೀ ಮೈಗೆ ಹರಡುತ್ತದೆ. ಏಪ್ರಿಲ್ ಸೆಕೆಯಲ್ಲಿ ಬೇಗ, ಡಿಸೆಂಬರ್ ಚಳಿಯಲ್ಲಿ ನಿಧಾನ. ರಕ್ತ ಕೆಳಗಿಳಿದು ಚರ್ಮದಲ್ಲಿ ಮೂಡುವ ನೇರಳೆ ಕಲೆ 6ರಿಂದ 12 ಗಂಟೆಯಲ್ಲಿ ಖಾಯಂ ಆಗುತ್ತದೆ. ಆಮೇಲೆ ಹೆಣವನ್ನು ಮಗುಚಿದರೂ ಕಲೆ ಜಾಗ ಬಿಡುವುದಿಲ್ಲ. ಅಂಗಾತ ಬಿದ್ದ ಹೆಣದ ಎದೆಯ ಮೇಲೆ ಕಲೆ ಇದ್ದರೆ ಯಾರೋ ತಡವಾಗಿ ಬಂದು ಅದನ್ನು ತಿರುಗಿಸಿದ್ದಾರೆ ಎಂದರ್ಥ. ಎಂಟಕ್ಕೆ ಉಂಡ ಮುದ್ದೆ, ಸಾರು ಹೊಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದೂ ನೋಡುತ್ತಾರೆ. ಆದರೆ ಭಾರಿ ಊಟ ಕರಗಲು 4ರಿಂದ 6 ಗಂಟೆ ಬೇಕು, ಗಾಬರಿ ಅಥವಾ ಪೆಟ್ಟು ಅದನ್ನು ಇನ್ನಷ್ಟು ತಡೆಯುತ್ತದೆ. ಅದೊಂದನ್ನೇ ನಂಬಿ ಕೂರುವಂತಿಲ್ಲ. ಎಲ್ಲ ಸೇರಿಸಿದರೂ ನಿಮ್ಮ ಡಾಕ್ಟರು ಹೇಳಬಹುದಾದದ್ದು ‘ರಾತ್ರಿ 9ರಿಂದ 1ರ ಒಳಗೆ’ ಎಂದಷ್ಟೇ. ಈ ನಾಲ್ಕು ಗಂಟೆಯೇ ನಿಮ್ಮ ಬಂಡವಾಳ.

ಆ ನಾಲ್ಕು ಗಂಟೆಯನ್ನು ಕಿರಿದಾಗಿಸುವ ಕೆಲಸವನ್ನು ಊರಿನ ಗಡಿಯಾರಗಳಿಗೆ ಬಿಡಿ. ತೋಟದ ಸೀಮೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗಡಿಯಾರ ತ್ರೀ ಫೇಸ್ ಕರೆಂಟ್. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ, ಅದೂ ಪಾಳಿಯ ಮೇಲೆ ಹಗಲೋ ರಾತ್ರಿಯೋ ಬರುತ್ತದೆ. ಆ ದಿನ ರಾತ್ರಿ 10ಕ್ಕೆ ಕರೆಂಟ್ ಬಂತು ಎಂದುಕೊಳ್ಳಿ. ‘ಎರಡು ಕಿಲೋಮೀಟರ್ ಆಚೆ ನನ್ನ ತೋಟದಲ್ಲಿ 2ರವರೆಗೆ ನೀರು ಕಟ್ಟುತ್ತಿದ್ದೆ’ ಅನ್ನುತ್ತಾನೆ ಕೊಲೆಗಾರ. ಪಕ್ಕದ ಮನೆಯ ಅಜ್ಜಿಯೂ ಮೋಟರ್ ಸದ್ದು ಕೇಳಿದ್ದಾಳೆ. ಅಲಿಬಿ ಗಟ್ಟಿಯಾಗಿಯೇ ಇದೆ. ಆದರೆ ಸ್ಟಾರ್ಟರ್ ಬಾಕ್ಸಿನಲ್ಲಿ ಸ್ವಿಚ್ಚನ್ನು ಸಂಜೆಯೇ ‘ಆಟೋ’ಗೆ ಹಾಕಿಟ್ಟರೆ ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಓಡುತ್ತದೆ, ಆಳು ಬೇಕಿಲ್ಲ. ಆಳು ಬೇಕಾಗುವುದು ಗೇಟ್‌ವಾಲ್ವ್ ತಿರುಗಿಸಲು. ತೋಟಕ್ಕೆ ನಾಲ್ಕು ವಾಲ್ವ್ ಇದ್ದು, ಗಂಟೆಗೊಂದರಂತೆ ಬದಲಾಯಿಸಿದೆ ಎಂದು ಅವನೇ ಹೇಳಿಕೆ ಕೊಟ್ಟಿರಲಿ. ಬೆಳಿಗ್ಗೆ ನೋಡಿದರೆ ಮೊದಲ ಭಾಗದಲ್ಲಿ ಕಾಲಿಟ್ಟರೆ ಮೀನಖಂಡದವರೆಗೆ ಕೆಸರು, ಉಳಿದ ಮೂರು ಭಾಗದ ಬುಡದಲ್ಲಿ ಒಣಗಿದ ಸೋಗೆ.

ಇನ್ನೊಂದು ಪಟ್ಟು ಬಿಗಿ ಮಾಡಿ. ಅಂದು 11:20ಕ್ಕೆ ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ತೋಟಗಳಿಗೆ ಬರುವ ಲೈನ್, ಟ್ರಿಪ್ ಆಗಿ ಕರೆಂಟ್ ಹೋಗಿ 12:05ಕ್ಕೆ ಮತ್ತೆ ಬಂದಿರಲಿ. ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿ ಎರಡೂ ಹೊತ್ತು ದಾಖಲಾಗಿರುತ್ತವೆ. ಇವನು ಮಾತ್ರ ‘ಒಂದು ನಿಮಿಷವೂ ಮೋಟರ್ ನಿಲ್ಲಲಿಲ್ಲ’ ಎಂದು ಸಾಧಿಸುತ್ತಾನೆ. ಸುಳ್ಳು ಮುರಿಯಬೇಕಾದ್ದು ಹೀಗೆ. ಅವನು ಯೋಚಿಸಿ ಇಟ್ಟ ಕಡೆ ಅಲ್ಲ, ಅವನಿಗೆ ಗೊತ್ತೇ ಆಗದೆ ಕಳೆದುಹೋದ 45 ನಿಮಿಷದಲ್ಲಿ.

ಇಲ್ಲಿ ಎಡವುವ ಜಾಗಗಳಿವೆ. ಕೊಲೆಯಾದ ತೋಟವೂ ಅದೇ ಫೀಡರಿನಲ್ಲಿದ್ದರೆ ಕರೆಂಟ್ ಹೋದದ್ದು ಅವನಿಗೂ ತಿಳಿಯುತ್ತದೆ, ಹಾಗಾಗಿ ಬೇರೆ ಫೀಡರಿಗೆ ಹಾಕಿ. ಊರ ದೀಪದ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರೆ ಮಾಡಿದ್ದು ನಿರಂತರ ಜ್ಯೋತಿ ಯೋಜನೆ. ಅದು ಆಗಿರುವ ಊರಾದರೆ ಮನೆಗಳಲ್ಲಿ ದೀಪ ಉರಿಯುತ್ತಿರುವಾಗಲೇ ಮೋಟರ್ ನಿಲ್ಲಬಹುದು. ಅವನು ತನ್ನ ತೋಟಕ್ಕೆ ವಾಪಸ್ ಬರುವುದು 12:05ರ ನಂತರವೇ ಆಗಬೇಕು, ಇಲ್ಲವಾದರೆ ನಿಂತ ಮೋಟರನ್ನು ಕಣ್ಣಾರೆ ನೋಡುತ್ತಾನೆ.

ಯಂತ್ರದ ಗಡಿಯಾರಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೇಕರಿಯ ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಗಡಿಯಾರ ಹತ್ತಿಪ್ಪತ್ತು ನಿಮಿಷ ಹಿಂದೆಯೋ ಮುಂದೆಯೋ ಇರುವುದು ಮಾಮೂಲು. ಒಳ್ಳೆಯ ತನಿಖಾಧಿಕಾರಿ ಪರದೆಯ ಸಮಯವನ್ನೂ ನಿಜವಾದ ಸಮಯವನ್ನೂ ಎರಡನ್ನೂ ಮಹಜರಿನಲ್ಲಿ ಬರೆಸುತ್ತಾನೆ. ಸಿಡಿಆರ್‌ನಲ್ಲಿ, ಅಂದರೆ ಫೋನ್ ಕರೆಗಳ ದಾಖಲೆಯಲ್ಲಿ, ಸಿಗುವುದು ಫೋನ್ ಹಿಡಿದ ಟವರ್, ಹಳ್ಳಿ ಕಡೆ ಒಂದು ಟವರ್ ಕೆಲವು ಕಿಲೋಮೀಟರ್ ಆವರಿಸುತ್ತದೆ. ಮನೆಯಲ್ಲಿ ಬಿಟ್ಟುಹೋದ ಫೋನ್ ಮನೆಯಲ್ಲೇ ಇತ್ತು ಎನ್ನುತ್ತದೆ ಹೊರತು ಯಜಮಾನನ ಬಗ್ಗೆ ಏನೂ ಹೇಳುವುದಿಲ್ಲ. ಸರ್ಕಾರಿ ಬಸ್ಸಿನ ಟಿಕೆಟಿನಲ್ಲಿ ಹೊತ್ತು ಅಚ್ಚಾಗಿರುತ್ತದೆ, ಹೆಂಗಸರ ಶೂನ್ಯ ಟಿಕೆಟಿನಲ್ಲೂ ಕೂಡ. ಕಥೆಯನ್ನು 2023ರ ಜೂನ್ 11ಕ್ಕಿಂತ ಮುಂಚೆ ಇಟ್ಟರೆ ಆ ಶೂನ್ಯ ಟಿಕೆಟ್ ಬರಕೂಡದು, ಶಕ್ತಿ ಯೋಜನೆ ಶುರುವಾದದ್ದೇ ಆ ದಿನ. ಹಾಗೆಯೇ 2024ರ ಜುಲೈ 1ರ ನಂತರದ ಕೊಲೆಗೆ ಐಪಿಸಿ 302 ಬರೆಯಬೇಡಿ, ಅದು ಈಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103.

ಸಾಕ್ಷಿಗಳ ಬಾಯಲ್ಲಿ ನಿಮಿಷ ಹಾಕಬೇಡಿ. ತೋಟದ ಮನೆಯವರು ‘11:12ಕ್ಕೆ ನಾಯಿ ಬೊಗಳಿತು’ ಅನ್ನುವುದಿಲ್ಲ. ಧಾರಾವಾಹಿ ಮುಗಿದ ಮೇಲೆ, ಕರೆಂಟ್ ಬಂದು ಸ್ವಲ್ಪ ಹೊತ್ತಿಗೆ, ಹಾಲು ಕರೆಯೋಕೆ ಏಳೋ ಮುಂಚೆ, ಹೀಗೆ ಹೇಳುತ್ತಾರೆ. ಇವನ್ನು ಗಂಟೆಗೆ ಇಳಿಸುವುದೇ ಪತ್ತೇದಾರನ ಕೆಲಸ, ಓದುಗನಿಗೂ ಅದರಲ್ಲೇ ರುಚಿ. ‘ಬೆಳದಿಂಗಳಲ್ಲಿ ಮುಖ ಕಂಡೆ’ ಎನ್ನುವ ಸಾಕ್ಷಿ ಇದ್ದರೆ ಪಂಚಾಂಗ ತೆರೆಯಿರಿ. ಶುಕ್ಲಪಕ್ಷದ ಅಷ್ಟಮಿಯ ಚಂದ್ರ ನಡುರಾತ್ರಿಯ ಸುಮಾರಿಗೆ ಮುಳುಗುತ್ತಾನೆ, ಕೃಷ್ಣಪಕ್ಷದ ಅಷ್ಟಮಿಯವನು ಹುಟ್ಟುವುದೇ ಆಗ. ನಿಮ್ಮ 11 ಗಂಟೆಗೆ ಇವೆರಡರ ನಡುವೆ ಭೂಮಿ ಆಕಾಶದ ವ್ಯತ್ಯಾಸ.

ಬರೆಯಲು ಕೂರುವ ಮುನ್ನ ದೊಡ್ಡ ಹಾಳೆಯಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಕಾಲು ಗಂಟೆಗೊಂದು ಗೆರೆ ಹಾಕಿ. ಪ್ರತಿ ಪಾತ್ರಕ್ಕೂ ಮೂರು ಕಾಲಂ ಇರಲಿ: ನಡೆದದ್ದು, ಅವನು ಹೇಳಿದ್ದು, ಪೊಲೀಸರಿಗೆ ತಿಳಿದದ್ದು. ಕೊಲೆಗಾರನ ಓಡಾಟವನ್ನು ಕೂಡಿ ನೋಡಿ, ಕತ್ತಲಲ್ಲಿ ತೋಟದ ಬದುವಿನ ಮೇಲೆ ಎರಡು ಕಿಲೋಮೀಟರ್ ನಡೆಯಲು ಅರ್ಧ ಗಂಟೆಯಾದರೂ ಬೇಕು. ಬಹಳ ಹಸ್ತಪ್ರತಿಗಳು ಸೋಲುವುದು ಇಲ್ಲೇ, ಕೊಲೆಗಾರ ಹಾರಿಕೊಂಡು ಬಂದಂತೆ ಕಾಣುತ್ತಾನೆ.

ಪೋಸ್ಟ್‌ಮಾರ್ಟಂ ರಾತ್ರೋರಾತ್ರಿ ಮಾಡಿಸಬೇಡಿ. 2021ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೂರ್ಯಾಸ್ತದ ನಂತರವೂ ಅವಕಾಶ ಕೊಟ್ಟಿತು, ಆದರೆ ಕೊಲೆ, ಆತ್ಮಹತ್ಯೆಯಂಥ ಪ್ರಕರಣಗಳನ್ನು ಹೊರಗಿಟ್ಟಿತು, ಕಾನೂನು ಸುವ್ಯವಸ್ಥೆಯ ತುರ್ತು ಇದ್ದರೆ ಮಾತ್ರ ಬೇರೆ.

ಲಾಗ್ ಪುಸ್ತಕ ಕೊನೆಯ ಅಧ್ಯಾಯದಲ್ಲಿ ಮೊದಲ ಸಲ ಕಾಣಿಸಿಕೊಂಡರೆ ಓದುಗನಿಗೆ ಮೋಸ. ಮೂರನೇ ಅಧ್ಯಾಯದಲ್ಲೇ ಅಜ್ಜಿಯ ಬಾಯಲ್ಲಿ ಬಿತ್ತಿಬಿಡಿ: ‘ನಡ್ಮಧ್ಯೆ ಒಂದ್ಸಲ ಮೋಟ್ರು ನಿಂತೋಗಿತ್ತು ಸ್ವಾಮಿ, ನಾನು ನೀರು ಕುಡ್ದು ಮಲಿಕ್ಕಂಡೆ.’ ಆ ಮಾತಿನ ಬೆನ್ನಿಗೇ ಅವಳು ಸೊಸೆಯ ಮೇಲೆ ದೂರು ಶುರು ಮಾಡಲಿ. ಸಬ್ ಇನ್‌ಸ್ಪೆಕ್ಟರ್ ದೂರನ್ನು ಕೇಳುತ್ತಾನೆ, ಓದುಗನೂ ಅದನ್ನೇ ಕೇಳುತ್ತಾನೆ.